ಬೀಗದ ಕಿವಿ ಇಲ್ಲದ ಗೇಟು

ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಅದಕ್ಕೆ ಯಾವತ್ತೂ ನಾಚಿಕೆಪಟ್ಟವನಲ್ಲ. ಚನ್ನಪಟ್ಟಣದ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಬೇರೆಯವರು ಬೆಸೆಯುವಾಗ ಕಬ್ಬಿಣ ಹಿಡಿದುಕೊಂಡು ನಿಲ್ಲುವ ಕೆಲಸದಿಂದ ಶುರುಮಾಡಿದೆ. ಬಿಡದಿಯಲ್ಲಿ ಫ್ಯಾಕ್ಟರಿ ಶೆಡ್ಡುಗಳಿಗೆ ತೊಲೆ ಏರಿಸಿದೆ. ಆಮೇಲೆ ರಾಮನಗರದಲ್ಲಿ, ಮಾಗಡಿ ರಸ್ತೆಯ ಮೇಲೆ, ಸ್ವಂತ ಅಂಗಡಿ ಇಟ್ಟೆ. ಈ ಕಡೆ ನನ್ನ ಕೈಯಲ್ಲಿ ಹುಟ್ಟಿದ ಗೇಟು ಇಲ್ಲದ ಬೀದಿ ಕಡಿಮೆ. ನಾನು ಕೂರಿಸಿದ ಗೇಟು ನೆಲಕ್ಕೆ ಉಜ್ಜುವುದಿಲ್ಲ, ಗಾಳಿಗೆ ಬಡಿದುಕೊಳ್ಳುವುದಿಲ್ಲ, ಕಿರುಗುಟ್ಟುವುದಿಲ್ಲ. ಬೆರಳಲ್ಲಿ ತಳ್ಳಿದರೆ ಹೋಗಬೇಕು, ಬಿಟ್ಟ ಕಡೆ ನಿಲ್ಲಬೇಕು. ಇದನ್ನು ಜಂಬ ಅಂದುಕೊಂಡರೂ ಸರಿ, ನನಗೆ ಇದ್ದ ಆಸ್ತಿ ಅದೊಂದೇ.

ಆದರೆ ನಮ್ಮ ತೋಟಕ್ಕೇ ಗೇಟು ಇರಲಿಲ್ಲ. ಸುತ್ತ ಮುಳ್ಳುಬೇಲಿ, ಮುಂದೆ ನಮ್ಮಪ್ಪ ನೆಡಿಸಿದ್ದ ಎರಡು ಕಲ್ಲುಕಂಬಗಳಿದ್ದವು. ಕಂಬಗಳಿಗೆ ಕಲ್ಲುಕುಟಿಗರು ಆಗಲೇ ಮೇಲಿಂದ ಕೆಳಗೆ ತೂತು ಹೊಡೆದುಕೊಟ್ಟಿದ್ದರು. ಆ ತೂತುಗಳಿಗೆ ಬಿದಿರಿನ ಗಳಗಳನ್ನು ಅಡ್ಡಡ್ಡ ತೂರಿಸಿದರೆ ಅದೇ ಬಾಗಿಲು. ಬರುವವರು ಗಳ ಎಳೆದು ಒಳಗೆ ಬಂದು ಮತ್ತೆ ತೂರಿಸಬೇಕು. ಮದುವೆಯಾಗಿ ಈ ತೋಟದ ಮನೆಗೆ ಬಂದ ಮೊದಲ ವರ್ಷದಿಂದಲೂ ನನ್ನ ಹೆಂಡತಿ ಆ ಗಳಗಳಿಗೆ ಕಾವಲುಗಾರ್ತಿ. ಯಾರು ಬರಲಿ, ಹೋಗಲಿ, ಅಡಿಗೆ ಮನೆಯಿಂದಲೇ ಕೂಗುತ್ತಿದ್ದಳು: "ಗಳ ಹಾಕ್ಬುಟ್ಟು ಬನ್ರಪ್ಪಾ, ಮೇಕೆ ನುಗ್ತವೆ!" ಈಗ ನಿಂತಿರುವ ತೆಂಗಿನ ಮರಗಳೆಲ್ಲ ಸಸಿಯಾಗಿದ್ದಾಗ ಬಾವಿಯಿಂದ ಬಿಂದಿಗೆಯಲ್ಲಿ ನೀರು ಹೊತ್ತು ಹಾಕಿದವಳು ಅವಳು. ಮೇಕೆ ಬಾಯಿ ಹಾಕಿದ ಒಂದು ಸಸಿಯ ಮುಂದೆ ಕುಳಿತು ಅತ್ತದ್ದನ್ನು ನಾನು ನೋಡಿದ್ದೇನೆ.

ಗೇಟಿನ ವಿಷಯಕ್ಕೆ ನನ್ನನ್ನು ಆಡಿಕೊಳ್ಳುವುದು ಅವಳಿಗೊಂದು ಖುಷಿ.

"ಊರೋರ ಮನೆಗೆಲ್ಲ ಸಿಂಹದ ಮೊಕ ಕೂರ್ಸಿ ಗೇಟ್ ಮಾಡ್ಕೊಡ್ತೀರ. ನಮ್ ತೋಟಕ್ಕೆ ಮಾತ್ರ ಬಿದ್ರು ಗಳ. ನೋಡ್ದೋರು ವೆಲ್ಡಿಂಗ್ ಅಂಗ್ಡಿಯೋರ್ ತೋಟ ಅಂತಾರಾ, ಕುರಿ ದೊಡ್ಡಿ ಅಂತಾರಾ?"

"ಬತ್ತದೆ ಇರೇ, ಮುಂದ್ಲ ಸಂಕ್ರಾಂತಿಗೆ."

"ಯಾವ್ ಸಂಕ್ರಾಂತಿ ಅಂತ ಒಸಿ ಬುಡಿಸಿ ಯೋಳ್ಬುಡಿ. ನಾನಿಲ್ದಿದ್ರೂ ಮೊಮ್ಮಕ್ಳಾದ್ರೂ ನೋಡ್ಕತವೆ."

ಸಂಕ್ರಾಂತಿಗಳು ಬಂದವು, ಹೋದವು. ಊರವರ ಕೆಲಸವೇ ಮುಗಿಯುತ್ತಿರಲಿಲ್ಲ.

ಮಧ್ಯಾಹ್ನದ ಊಟ ಅಂಗಡಿಗೆ ಅವಳೇ ತರುತ್ತಿದ್ದಳು, ಬಸ್ಸಿನಲ್ಲಿ, ಟಿಫನ್ ಕ್ಯಾರಿಯರ್ ಹಿಡಿದು. ಒಂದು ದಿನ ಊಟ ಬರಲಿಲ್ಲ. ಸಾಯಂಕಾಲ ಮನೆಗೆ ಬಂದರೆ ಜಗಲಿಯ ಮೇಲೆ ಕುಳಿತಿದ್ದಳು, ಪಕ್ಕದಲ್ಲಿ ಕ್ಯಾರಿಯರ್ ತುಂಬಿದ್ದು ತುಂಬಿದ ಹಾಗೇ. ಬಸ್ಸಿಂದ ಇಳಿಯಲೇ ಇಲ್ಲವಂತೆ. ಮಾಗಡಿವರೆಗೂ ಹೋಗಿ ಬಂದಳಂತೆ. "ಅಂಗ್ಡಿ ಕಾಣ್ಲೇ ಇಲ್ಲ ಕಣ್ರೀ" ಅಂದಳು. ನಾನು ಬೈದೆ. ಅವಳು ನಕ್ಕಳು. ಆಮೇಲೆ ಎಷ್ಟೋ ಸಲ ಆ ನಗುವನ್ನು ನೆನೆಸಿಕೊಂಡಿದ್ದೇನೆ, ಅದರಲ್ಲಿ ಹೆದರಿಕೆ ಇತ್ತೇ ಅಂತ. ಗೊತ್ತಾಗುವುದಿಲ್ಲ.

ಮುಂದೆ ಬಂದದ್ದೆಲ್ಲ ನಿಧಾನಕ್ಕೇ ಬಂತು, ಕಬ್ಬಿಣಕ್ಕೆ ತುಕ್ಕು ಹಿಡಿಯುವ ಹಾಗೆ. ಡಾಕ್ಟರು ಅವಳ ತಲೆಯ ಫೋಟೋಗಳನ್ನು ದೀಪಕ್ಕೆ ಹಿಡಿದು ನೋಡಿ, ಇದು ವಾಸಿಯಾಗುವಂಥದ್ದಲ್ಲ, ಒಸಿ ತಡೆಯಬಹುದು ಅಷ್ಟೇ ಅಂದರು. ಮನೆ ಬಾಗಿಲು ಭದ್ರ ಮಾಡಿಕೊಳ್ಳಿ, ಇಂಥವರು ಎದ್ದು ಹೊರಟುಬಿಡುತ್ತಾರೆ ಅಂತಲೂ ಅಂದರು. ನಾನು ನಂಬಲಿಲ್ಲ. ಕನಕಪುರಕ್ಕೆ ಕೊಟ್ಟಿರುವ ನಮ್ಮ ಮಗಳು ಬಂದಾಗ ಮೂವರೂ ದೊಡ್ಡಮಳೂರಿಗೆ ಹೋದೆವು. ಮದುವೆಯಾಗಿ ಬಹಳ ಕಾಲ ಮಕ್ಕಳಾಗದೆ ಇದ್ದಾಗ ನಾವಿಬ್ಬರೂ ಹರಕೆ ಹೊತ್ತದ್ದು ಅಲ್ಲೇ, ಅಂಬೆಗಾಲು ಕೃಷ್ಣನ ಮುಂದೆ. ಮಗಳು ಹುಟ್ಟಿದ ಮೇಲೆ ತೊಟ್ಟಿಲು ಒಪ್ಪಿಸಿದ್ದೂ ಅಲ್ಲೇ. ಜನ ಕಟ್ಟಿದ ಪುಟ್ಟ ಪುಟ್ಟ ತೊಟ್ಟಿಲುಗಳನ್ನು ನೋಡುತ್ತ ನಿಂತ ನನ್ನ ಹೆಂಡತಿ ಕೈಮುಗಿದು, ಕಣ್ಣು ತುಂಬಿಕೊಂಡು, "ನಂಗೂ ಒಂದ್ ಕೂಸು ಕೊಡಪ್ಪ" ಅಂತ ಬೇಡಿಕೊಂಡಳು. ಮಗಳು ಅವಳ ತೋಳು ಹಿಡಿದುಕೊಂಡೇ ನಿಂತಿದ್ದಳು.

ನಾನು ಅಂಗಡಿ ಮುಚ್ಚಿದೆ. ಮಿಷನ್ನುಗಳನ್ನು ತಂದು ತೋಟದ ಮನೆಯ ಪಕ್ಕದ ಶೆಡ್ಡಿನಲ್ಲಿ ಇಟ್ಟುಕೊಂಡು, ಬಂದಷ್ಟು ಸಣ್ಣ ಕೆಲಸ ಮಾಡಿಕೊಂಡು, ಅವಳ ಮೇಲೆ ಕಣ್ಣಿಟ್ಟುಕೊಂಡು ಇರತೊಡಗಿದೆ. ಪಕ್ಕದ ಜಮೀನಿನಲ್ಲಿ ನನ್ನ ತಮ್ಮ ಹಿಪ್ಪುನೇರಳೆ ಹಾಕಿ ರೇಷ್ಮೆಹುಳ ಸಾಕುತ್ತಾನೆ. ಕೂಗಿದರೆ ಓಡಿ ಬರುತ್ತಾನೆ. ಅಡಿಗೆ ನಾನೇ ಕಲಿತೆ. ಮುದ್ದೆ ಗಂಟಾದರೆ ಅವಳೇ ಬಂದು ಕೋಲು ಕಿತ್ತುಕೊಂಡು ತೊಳಸಿಬಿಡುತ್ತಿದ್ದಳು. ನನ್ನ ಹೆಸರು ಹೋಗಿತ್ತು, ಮುದ್ದೆ ತೊಳಸುವುದು ಹೋಗಿರಲಿಲ್ಲ.

ಮಧ್ಯಾಹ್ನವಾದರೆ ಅವಳಿಗೆ ತವರಿನ ಹುಚ್ಚು ಹತ್ತುತ್ತಿತ್ತು. ಅವಳ ತವರು ಮಾಗಡಿ ತಾಲ್ಲೂಕು, ಕೆಂಪಾಪುರದಿಂದ ಆಚೆಗೆ. "ಅವ್ವ ಕಾಯ್ತವ್ಳೆ" ಅಂತ ಸೀರೆ ಸರಿಮಾಡಿಕೊಂಡು ಹೊರಟುಬಿಡುವಳು. ಅವಳವ್ವ ತೀರಿಕೊಂಡು ಎಷ್ಟೋ ಕಾಲವಾಗಿದೆ. ಪುಣ್ಯಕ್ಕೆ ಬಿದಿರಿನ ಗಳಗಳಿದ್ದವು. ಗಳ ಎಳೆಯುವುದು ನಿಧಾನದ ಕೆಲಸ, ಒಂದಕ್ಕೊಂದು ತಾಗಿ ಕಟಕಟ ಸದ್ದು. ಶೆಡ್ಡಿನಲ್ಲಿದ್ದರೂ ನನಗೆ ಕೇಳುತ್ತಿತ್ತು. ಓಡಿ ಹೋಗಿ ಕೈಹಿಡಿದು ಕರೆತರುತ್ತಿದ್ದೆ. ಆದರೆ ಗಳಗಳಿಗೆ ಗೆದ್ದಲು ಹಿಡಿದಿತ್ತು. ಒಂದು ದಿನ ಒಂದು ಗಳ ಮುರಿದು ಅವಳ ಪಾದದ ಮೇಲೆ ಬಿತ್ತು. ಬೆರಳು ಊದಿಕೊಂಡರೂ ಅವಳು ಆ ಸಂದಿಯಲ್ಲಿ ಬಗ್ಗಿ ಆಚೆ ಹೋಗಿ ರಸ್ತೆಯ ತಿರುವಿನವರೆಗೂ ಕುಂಟಿಕೊಂಡು ಹೋಗಿದ್ದಳು.

ಅವತ್ತೇ ತೀರ್ಮಾನ ಮಾಡಿದೆ. ಅವಳು ಅಷ್ಟು ವರ್ಷ ಕೇಳಿದ ಗೇಟನ್ನು ಈಗ ಮಾಡಲು ಕೂತೆ, ಅವಳನ್ನು ತಡೆಯುವುದಕ್ಕೆ.

ಬಲಗಡೆಯ ಕಂಬ ನೆಟ್ಟಗಿರಲಿಲ್ಲ. ಅದರ ಪಕ್ಕದ ಹೊಂಗೆ ಮರ ದಪ್ಪವಾಗುತ್ತಾ ಆಗುತ್ತಾ ಕಂಬವನ್ನು ತಳ್ಳಿ, ಅದರ ತಲೆ ಎಡಗಡೆಯ ಕಂಬದ ಕಡೆಗೆ ವಾಲಿತ್ತು. ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟು ನೋಡಿದೆ. ಮೇಲೆ ಸಂದಿ ಕಿರಿದು, ಕೆಳಗೆ ಅಗಲ. ತಮ್ಮ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತ.

"ಅಣ್ಣಾ, ಜೆಸಿಬಿ ಕರ್ಸಿ ಇವೆರಡ್ನೂ ಕಿತ್ತಾಕ್ಸು. ಸಿಮೆಂಟ್ ಪಿಲ್ಲರ್ ಕಟ್ಸಿದ್ರೆ ಆಯ್ತು."

"ಅಪ್ಪ ನೆಟ್ಟಿದ್ ಕಂಬ ಕಣ್ಲಾ ಇವು. ಕಂಬ ಹೆಂಗೈತೋ ಅಂಗೆ ಗೇಟ್ ಕೂರ್ಸಾಕ್ ಬರ್ದೆ ಇದ್ರೆ ನಾನ್ಯಾವ್ ಸೀಮೆ ವೆಲ್ಡರ್ರು?"

"ಸರಿ ಬುಡು. ಸೊಟ್ಟ ಕಂಬಕ್ಕೆ ಸೊಟ್ಟ ಗೇಟು, ಅದ್ನ ಮಾಡೋಕ್ ಒಬ್ಬ ಸೊಟ್ಟ ಮನುಷ್ಯ."

"ನಿನ್ ಮೂತಿಗಿಂತ ನೆಟ್ಟಗಿರ್ತದೆ. ಬಾ, ಟೇಪ್ ಹಿಡ್ಕೊ."

ನಗುತ್ತಲೇ ಹಿಡಿದುಕೊಂಡ. ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆದು, ಕಂಬ ಎಷ್ಟು ವಾಲಿದೆಯೋ ಅಷ್ಟನ್ನೂ ಚೌಕಟ್ಟಿನಲ್ಲಿ ತಂದೆ. ಕಲ್ಲಿಗೆ ಹೊಸ ತೂತು ಕೊರೆಯಲಿಲ್ಲ. ಕೊರೆದರೆ ಹಳೇ ಕಲ್ಲು ಸೀಳಿದರೂ ಸೀಳಿತು. ಗಳ ತೂರಿಸುತ್ತಿದ್ದ ತೂತುಗಳಿಗೇ ಉದ್ದ ಬೋಲ್ಟು ಹಾಕಿ, ಎರಡೂ ಕಡೆ ದಪ್ಪ ಪಟ್ಟಿ ಕೊಟ್ಟು ಬಿಗಿದು, ಅದಕ್ಕೆ ಕೀಲು ಬೆಸೆದೆ. ವಾಲಿದ ಕಂಬಕ್ಕೇ ಗೇಟು ನೇತುಹಾಕಿದ್ದು ಬೇಕೆಂದೇ. ಆ ವಾಲಿನಿಂದ ಗೇಟು ಎಲ್ಲಿ ಬಿಟ್ಟರೂ ತಾನಾಗಿ ನಿಧಾನವಾಗಿ ಬಂದು ಮುಚ್ಚಿಕೊಳ್ಳುತ್ತದೆ. ಬಂದವರು ಯಾರಾದರೂ ತೆರೆದು ಬಿಟ್ಟು ಹೋದರೂ ತೆರೆದಿರುವುದಿಲ್ಲ. ಸರಳುಗಳ ನಡುವೆ ಕೈ ತೂರುತ್ತದೆ, ತಲೆ ತೂರುವುದಿಲ್ಲ. ಚಿಲಕವನ್ನು ಆಚೆಯ ಮಗ್ಗುಲಿಗೆ, ಕೆಳಗೆ, ಕಣ್ಣಿಗೆ ಬೀಳದ ಹಾಗೆ ಹಾಕಿದೆ. ಒಳಗಿನವರು ಬಗ್ಗಿ, ಸರಳಿನ ಸಂದಿಯಲ್ಲಿ ಕೈ ತೂರಿಸಿ, ಹುಡುಕಿ ತೆಗೆಯಬೇಕು. ಕೀಲಿಗೆ ಗ್ರೀಸು ತುಂಬಿದೆ. ಒಂದಿಷ್ಟು ಸದ್ದಿಲ್ಲ. ತಮ್ಮ ಹತ್ತು ಸಲ ತೆರೆದು ಬಿಟ್ಟು, ಅದು ತಾನಾಗಿ ಬಂದು ಕೂರುವುದನ್ನು ನೋಡಿ, "ಲೇ ಇವ್ನ, ಸೊಟ್ಟನ್ನೇ ಕೆಲ್ಸುಕ್ಕೆ ಹಚ್ಚವ್ನಲ್ಲಪ್ಪಾ" ಅಂದ. ನನಗೆ ಬಹಳ ದಿನಗಳ ಮೇಲೆ ಎದೆ ಉಬ್ಬಿತ್ತು.

ಆಮೇಲೆ ಅವನೇ ಕಂಡುಹಿಡಿದ.

"ಅಣ್ಣಾ, ಬೀಗದ ಕಿವಿ ಮರ್ತ್‌ಬುಟ್ಟಿದ್ದೀಯ."

"ಮರ್ತಿಲ್ಲ."

"ಮತ್ತೆ?"

"ಬ್ಯಾಡ ಅಂತ ಬುಟ್ಟಿವ್ನಿ."

ಬೀಗ ಹಾಕಲು ತೂತಿರುವ ಎರಡು ಪುಟ್ಟ ಪಟ್ಟಿ, ಅದಕ್ಕೆ ನಾವು ಕಿವಿ ಅನ್ನುವುದು. ಅದಿಲ್ಲದ ಗೇಟು ನಾನು ಜೀವಮಾನದಲ್ಲಿ ಮಾಡಿರಲಿಲ್ಲ. ಆವತ್ತು ಸಾಯಂಕಾಲ ಮಗಳು ಫೋನಿನಲ್ಲಿ ಅದನ್ನೇ ಕೇಳಿದಳು. "ಬೀಗ ಹಾಕಪ್ಪ, ಚಿಲ್ಕ ಸಾಕಾಗಲ್ಲ."

"ನಿಮ್ಮವ್ವೇನ್ ಕೂಡಾಕೋ ಹಸ ಅಂದ್ಕಂಡ್ಯಾ? ಅವ್ಳು ನೀರ್ ಹುಯ್ದು ಬೆಳ್ಸಿದ್ ತೋಟ ಇದು. ಅವ್ಳ್ ತೋಟದಲ್ಲೇ ಅವ್ಳನ್ನ ಬೀಗ ಹಾಕಿ ಮಡಗ್ಲಾ? ನಾನ್ ಬದುಕಿರೋಗಂಟ ಅದಾಗಲ್ಲ."

"ಸಿಟ್ ಮಾಡ್ಕಬ್ಯಾಡಪ್ಪ..."

"ನಾನಿವ್ನಿ, ನೋಡ್ಕತೀನಿ."

ಫೋನು ಇಟ್ಟೆ. ನಾನು ನೋಡಿಕೊಳ್ಳುತ್ತೇನೆ ಅನ್ನುವುದರ ಮೇಲೆ ನನಗೆ ಎಷ್ಟು ಭರವಸೆ ಇತ್ತು ಅಂದರೆ, ಬೀಗದ ಯೋಚನೆಯನ್ನೇ ಮತ್ತೆ ಮಾಡಲಿಲ್ಲ.

ತುಕ್ಕು ಹಿಡಿಯದಂತೆ ಬಳಿದ ರೆಡಾಕ್ಸೈಡು ಬಣ್ಣ ಒಣಗಿದ ಮೇಲೆ ಶುಕ್ರವಾರ ಗೇಟಿಗೆ ಪೂಜೆ ಮಾಡಿದೆವು. ಅರಿಶಿನ ಕುಂಕುಮದ ಬಟ್ಟಲನ್ನು ಅವಳ ಕೈಗೆ ಕೊಟ್ಟು ನೋಡಿದೆ. ಯಾರೂ ಹೇಳಿಕೊಡಲಿಲ್ಲ. ನೀರು ಚಿಮುಕಿಸಿ, ಎರಡೂ ಕಂಬಕ್ಕೆ ಅರಿಶಿನ ಬಳಿದು, ಕುಂಕುಮ ಇಟ್ಟು, ಹೂ ಸಿಕ್ಕಿಸಿದಳು. ಗೇಟಿನ ಸರಳಿಗೂ ಮೂರು ಬೆರಳಲ್ಲಿ ವಿಭೂತಿ ಎಳೆದಳು. ತಮ್ಮನ ಹೆಂಡತಿ ಕಾಯಿ ಒಡೆದು ಆಚೆ ಹೋಗಿ ಬರುವಾಗ ಗೇಟು ಹಾಕದೆ ನಡೆದುಬಂದಳು. ಅದು ಹೇಗೂ ತಾನಾಗಿ ಮುಚ್ಚಿಕೊಳ್ಳುತ್ತದಲ್ಲ. ನನ್ನವಳು ಅಲ್ಲಿಂದಲೇ ಕೂಗಿದಳು:

"ಏ ಅಮ್ಮಿ, ಚಿಲ್ಕ ಹಾಕ್ಬುಟ್ಟು ಬಾ, ಮೇಕೆ ನುಗ್ತವೆ!"

ನಾವೆಲ್ಲ ಹಾಗೇ ನಿಂತೆವು. ಅದೇ ದನಿ, ಅದೇ ಗದರು. ತಮ್ಮನ ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಹಾಕ್ದೆ ಕಣಕ್ಕ, ಹಾಕ್ದೆ" ಅಂತ ಓಡಿಹೋಗಿ ಚಿಲಕ ಹಾಕಿದಳು. "ಭಾವಾ, ಅಕ್ಕಂಗೆ ಗ್ಯಾನ ಬತ್ತಾ ಐತೆ" ಅಂದಳು. ನಾನೂ ಹಾಗೇ ತಿಳಿದೆ. ಗೇಟು ಮಾಡಿದ್ದಕ್ಕೆ ಒಂದು ಎಳೆಯಾದರೂ ವಾಪಸ್ ಬಂತಲ್ಲ ಅಂತ ಹಿಗ್ಗಿದೆ.

ಅಲ್ಲಿಂದಾಚೆ ನನಗೆ ಒಸಿ ಉಸಿರಾಡುವಂತಾಯಿತು. ಶೆಡ್ಡಿನಲ್ಲಿ ಕುಳಿತರೆ ಗೇಟು ಕಾಣುತ್ತದೆ. ಗ್ರೈಂಡಿಂಗ್ ಮಾಡುವಾಗ ಅವಳ ಹೆಜ್ಜೆ ಕೇಳದು. ಆದರೇನು, ತಲೆಯೆತ್ತಿ ಒಂದು ಸಲ ನೋಡಿದರೆ ಸಾಕು. ಗೇಟು ಮುಚ್ಚಿದೆ ಅಂದರೆ ಅವಳು ಒಳಗಿದ್ದಾಳೆ. ಮತ್ತೆ ತಲೆ ತಗ್ಗಿಸಿ ಕೆಲಸ.

ಶಿವರಾತ್ರಿ ಕಳೆದು ಬಿಸಿಲು ಏರಿದ್ದ ದಿನಗಳು. ಚನ್ನಪಟ್ಟಣದ ಒಬ್ಬರಿಗೆ ಕಿಟಕಿಯ ಗ್ರಿಲ್ಲು ಮಾಡಿಕೊಡುತ್ತಿದ್ದೆ. ಅವಳು ತೆಂಗಿನ ಪಾತಿಯಲ್ಲಿ ಓಡಾಡಿಕೊಂಡಿದ್ದಳು. ನಾನು ಆಗಾಗ ತಲೆಯೆತ್ತಿ ಗೇಟು ನೋಡಿದೆ. ಮುಚ್ಚಿತ್ತು. ಊಟಕ್ಕೆ ಕೂಗಿದೆ. ದನಿ ಇಲ್ಲ. ಮನೆಯಲ್ಲಿ ಇಲ್ಲ, ಕೊಟ್ಟಿಗೆಯಲ್ಲಿ ಇಲ್ಲ, ಬಚ್ಚಲಲ್ಲಿ ಇಲ್ಲ. ಹುಲ್ಲಿನ ಮೆದೆ ಸುತ್ತ ನೋಡಿದೆ. ಗೇಟಿನ ಹತ್ತಿರ ಹೋಗಿ ಬಗ್ಗಿ ನೋಡಿದೆ, ಚಿಲಕ ಬಿದ್ದೇ ಇತ್ತು. ಆಮೇಲೆ ಬಾವಿಯ ಕಡೆ ತಿರುಗಿದೆ. ಕಟ್ಟೆಯ ಪಕ್ಕದಲ್ಲಿ ಅವಳ ಚಪ್ಪಲಿ ಇದ್ದವು. ಜೋಡಿಸಿ ಬಿಟ್ಟ ಹಾಗೆ, ಒಂದರ ಪಕ್ಕ ಒಂದು.

ನಾನು ತಮ್ಮನನ್ನು ಹೇಗೆ ಕೂಗಿದೆನೋ ಗೊತ್ತಿಲ್ಲ. ಹಿಪ್ಪುನೇರಳೆ ಸೊಪ್ಪಿನ ಹೊರೆ ಎಸೆದು ಬಂದ. ಚಪ್ಪಲಿ ನೋಡಿದವನು ಒಂದು ಕ್ಷಣ ನಿಂತು ಕೇಳಿದ.

"ಅಣ್ಣಾ, ಅತ್ಗೆ ಆಚೆ ಏನಾದ್ರೂ ಹೋಗಿದ್ರೆ?"

"ಗೇಟ್ ನೋಡ್ಲಾ! ಚಿಲ್ಕ ಬಿದ್ದೈತೆ. ಆಚೆ ಮಗ್ಗುಲಿಂದ ಬಿದ್ದೈತೆ. ಗ್ಯಾನ ಇಲ್ದೋಳು ಆಚೆ ಹೋಗಿ, ತಿರುಗ್ ನಿಂತು, ಚಿಲ್ಕ ಹಾಕ್ಬುಟ್ಟು ಹೋಯ್ತಾಳೇನ್ಲಾ?"

ಅವನಿಗೂ ಅದು ಸರಿ ಕಂಡಿತು. ಯಾರಿಗಾದರೂ ಸರಿ ಕಾಣುತ್ತಿತ್ತು.

ಬಾವಿಗೆ ಬಿದ್ದ ಬಿಂದಿಗೆ ಎತ್ತುವ ಪಾತಾಳಗರಡಿಯನ್ನು ಪಕ್ಕದ ತೋಟದಿಂದ ತಂದ. ಕೊಕ್ಕೆಗಳ ಗೊಂಚಲು ಅದು. ನಾನೇ ಹಿಂದೊಮ್ಮೆ ಅದರ ಮುರಿದ ಕೊಕ್ಕೆ ಬೆಸೆದುಕೊಟ್ಟಿದ್ದೆ. ಹಗ್ಗ ಕಟ್ಟಿ ಇಳಿಬಿಟ್ಟೆವು. ನೀರು ಕಪ್ಪಗಿತ್ತು. ಕೊಕ್ಕೆ ತಳಕ್ಕೆ ತಾಗಿದ್ದು ಹಗ್ಗದಲ್ಲಿ ಕೈಗೆ ಗೊತ್ತಾಗುತ್ತದೆ. ಎಳೆಯುವುದು, ಸರಿಸುವುದು, ಮತ್ತೆ ಬಿಡುವುದು. ನಾನು ದೇವರನ್ನು ಏನು ಬೇಡಿಕೊಳ್ಳಬೇಕು ಅಂತ ತಿಳಿಯದೆ ನಿಂತಿದ್ದೆ. ಸಿಗಲಿ ಅನ್ನಲೇ, ಸಿಗದಿರಲಿ ಅನ್ನಲೇ? ಒಮ್ಮೆ ಹಗ್ಗ ಬಿಗಿಯಾಯಿತು. ಏನೋ ಭಾರವಾದದ್ದು ಸಿಕ್ಕಿತ್ತು. ತಮ್ಮ ನನ್ನ ಮುಖ ನೋಡಲಿಲ್ಲ. "ಅಣ್ಣಾ, ನೀನ್ ಒಸಿ ಆಕಡೀಕ್ ಹೋಗು" ಅಂದ. ನಾನು ಹೋಗಲಿಲ್ಲ. ಇಬ್ಬರೂ ಎಳೆದೆವು. ಮೇಲೆ ಬಂದದ್ದು ಕೊಳೆತ ತೆಂಗಿನ ಗರಿ, ಉದ್ದಕ್ಕೆ, ಎಳೆ ಎಳೆಯಾಗಿ, ನೀರು ಸುರಿಸಿಕೊಂಡು. ತಮ್ಮ ಗರಿಯನ್ನು ಬಿಡಿಸಿ ಎಸೆದು ಮತ್ತೆ ಕೊಕ್ಕೆ ಇಳಿಬಿಟ್ಟ.

ಬಿಸಿಲು ಬಾವಿಯ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಸರಿಯುವವರೆಗೂ ನಾವು ಹುಡುಕುತ್ತಲೇ ಇದ್ದೆವು. ಅಷ್ಟು ಹೊತ್ತೂ ಅವಳು ರಸ್ತೆಯಲ್ಲಿದ್ದಳು.

ಫೋನು ಬಂತು. ಮಾಗಡಿ ರಸ್ತೆಯಲ್ಲಿ ಎಳನೀರು ಮಾರುವವನು. ನನ್ನ ಅಂಗಡಿ ಇದ್ದಾಗ ಎದುರಿಗೇ ಗಾಡಿ ನಿಲ್ಲಿಸುತ್ತಿದ್ದ. ಆ ಗಾಡಿ ಮಾಡಿಕೊಟ್ಟದ್ದೂ ನಾನೇ.

"ಯಜಮಾನ್ರೇ, ಅಕ್ಕನ್ನ ಒಬ್ರನ್ನೇ ಕಳ್ಸಿದ್ದೀರಾ? ಇಲ್ಲಿ ಬಸ್‌ಸ್ಟಾಪ್‌ನಾಗೆ ಕುಂತವ್ರೆ. ಕಾಲಲ್ಲಿ ಚಪ್ಲಿ ಇಲ್ಲ. ಎಳನೀರ್ ಕೊಟ್ರೆ ಬ್ಯಾಡ ಅಂತವ್ರೆ. ಅವ್ವ ಕಾಯ್ತವ್ಳೆ, ಬಸ್ ಬಂದ್ಬುಡ್ತದೆ ಅಂತವ್ರೆ."

ತಮ್ಮ ನನ್ನ ಕೈಯಿಂದ ಫೋನು ಕಿತ್ತುಕೊಂಡು, "ಬುಡ್‌ಬ್ಯಾಡಪ್ಪೋ, ಹಿಡ್ಕಂಡಿರು, ಬಂದೋ" ಅಂದ.

ಅವಳು ಬಸ್‌ಸ್ಟಾಪಿನ ಕಲ್ಲಿನ ಮೇಲೆ ಕುಳಿತಿದ್ದಳು, ಪಾದಗಳನ್ನು ನೆಲಕ್ಕೆ ತಾಗಿಸದೆ ಎತ್ತಿ ಹಿಡಿದುಕೊಂಡು. ಟಾರು ಕಾದು ಅಂಗಾಲು ಪೂರ್ತಿ ಬೊಬ್ಬೆ ಎದ್ದು, ಕೆಲವು ಒಡೆದಿದ್ದವು. ತುಟಿ ಒಣಗಿತ್ತು. ನಾನು ಮುಂದೆ ಕುಕ್ಕರುಗಾಲಲ್ಲಿ ಕುಳಿತೆ. ಕಾಲು ತೊಳೆದುಕೊಳ್ಳಲು ಬಾವಿಯ ಹತ್ತಿರ ಚಪ್ಪಲಿ ಬಿಟ್ಟವಳು ಹಾಗೇ ಮರೆತು ಹೊರಟಿದ್ದಳು ಅನ್ನುವುದು ಆಗ ಹೊಳೆಯಿತು. ಮಿಕ್ಕದ್ದನ್ನು ಅವಳೇ ಹೇಳಿದಳು.

"ಯಾಕ್ ಬಂದೇ? ಯಾರ್‌ಗೂ ಯೋಳ್ದೆ ಯಾಕ್ ಬಂದೇ?" ಅಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

ಅವಳಿಗೆ ಸಿಟ್ಟು ಬಂತು. ಕಳ್ಳತನ ಹೊರಿಸಿದರೆ ಬರುವಂಥ ಸಿಟ್ಟು.

"ನಾನೇನ್ ತಗುದ್ ಬುಟ್ಟು ಬಂದಿಲ್ಲ ಕಣಪ್ಪ. ಚಿಲ್ಕ ಹಾಕೇ ಬಂದಿವ್ನಿ. ಬೇಕಾರೆ ಹೋಗ್ ನೋಡು. ಒಂದ್ ಮೇಕೆ ನುಗ್ಗಿದ್ರೆ ಕೇಳು ನನ್ನ."

ಎಳನೀರಿನವನು ಆಚೆ ತಿರುಗಿ ನಿಂತ.

ಅವಳಿಗೆ ನನ್ನ ಹೆಸರು ನೆನಪಿರಲಿಲ್ಲ. ಹೆತ್ತ ಮಗಳು ಗೊತ್ತಿರಲಿಲ್ಲ. ತೋಟದ ಬಾಗಿಲು ದಾಟಿದವರು ತಿರುಗಿ ನಿಂತು ಅದನ್ನು ಹಾಕಿ ಹೋಗಬೇಕು ಅನ್ನುವುದು ಮಾತ್ರ ಕೈಯಲ್ಲಿ ಉಳಿದುಕೊಂಡಿತ್ತು. ಪೂಜೆಯ ದಿನ ಅದನ್ನೇ ಅವಳು ನಮ್ಮೆಲ್ಲರ ಮುಂದೆ ಕೂಗಿ ಹೇಳಿದ್ದಳು. ನಾವು ಖುಷಿಪಟ್ಟಿದ್ದೆವು. ಬಿದಿರಿನ ಗಳವಾಗಿದ್ದರೆ ಕಟಕಟ ಅನ್ನುತ್ತಿತ್ತು. ನನ್ನ ಗೇಟು ಸದ್ದು ಮಾಡಲಿಲ್ಲ. ಯಾಕೆ ಮಾಡುತ್ತದೆ, ನಾನು ಕೂರಿಸಿದ್ದಲ್ಲವೇ.

ರಾಮನಗರದ ಆಸ್ಪತ್ರೆಯಲ್ಲಿ ಪಾದಕ್ಕೆ ಪಟ್ಟಿ ಸುತ್ತಿದರು. ಮಗಳು ಕನಕಪುರದಿಂದ ಬಂದಳು. ತಾಯಿಯ ಪಾದಗಳನ್ನು ಮಡಿಲಲ್ಲಿ ಇಟ್ಟುಕೊಂಡು ಬಹಳ ಹೊತ್ತು ಕುಳಿತಿದ್ದಳು. ಅವಳು ಜಗಳ ಮಾಡಿದ್ದರೆ ನಾನೂ ಜಗಳ ಮಾಡಬಹುದಿತ್ತು.

"ಅಪ್ಪಾ, ನಮ್ಮನೆಗೆ ಕರ್ಕಂಡೋಯ್ತೀನಿ" ಅಂದಳು.

"ಬೀದಿ ಮೇಲಿನ ಮನೆ ನಿಮ್ದು. ಅಲ್ಲಿ ಇನ್ನೂ ಕಷ್ಟ."

"ಮತ್ತೆ ನೀನೇ ಯೋಳು, ಏನ್ ಮಾಡ್ಮಾ?"

ಏನು ಮಾಡಬೇಕು ಅನ್ನುವುದು ಇಬ್ಬರಿಗೂ ಗೊತ್ತಿತ್ತು. ತಮ್ಮ ಪೇಟೆಗೆ ಹೋಗಿ ಬೀಗ ತಂದು, ನನ್ನ ಕೈಗೆ ಕೊಡದೆ, ಶೆಡ್ಡಿನ ಮೇಜಿನ ಮೇಲೆ ಇಟ್ಟು ಹೋದ.

ಆ ಬೀಗವನ್ನು ಮುಟ್ಟದೆ ಒಂದಷ್ಟು ದಿನ ತಳ್ಳಿದೆ. ಪಾದದ ಗಾಯ ಇರುವವರೆಗೆ ಅವಳು ಎಲ್ಲಿಗೂ ಹೋಗಲಾರಳು ಅಂತ ಒಂದು ನೆಪವಿತ್ತು. ಗಾಯಗಳು ಮಾಗುತ್ತ ಬಂದವು. ಹೆಂಡತಿಯ ಗಾಯ ನಿಧಾನಕ್ಕೆ ಮಾಗಲಿ ಅಂತ ಆಸೆಪಟ್ಟ ಗಂಡ ಇನ್ನೊಬ್ಬ ಇದ್ದಾನೋ ಇಲ್ಲವೋ. ಒಂದು ಮಧ್ಯಾಹ್ನ ನೋಡಿದರೆ, ಗೋಡೆ ಹಿಡಿದುಕೊಂಡು, ಹಿಮ್ಮಡಿಯೂರಿ, ಗೇಟಿನ ಕಡೆ ಹೊರಟಿದ್ದಳು.

ಕೈಹಿಡಿದು ಕರೆತಂದು ಹೊಂಗೆ ಮರದ ಬುಡದಲ್ಲಿ ಕುರ್ಚಿ ಹಾಕಿ ಕೂರಿಸಿದೆ. ವೈರು ಎಳೆದೆ. ಎರಡು ಪಟ್ಟಿ ಕತ್ತರಿಸಿ, ತೂತು ಹಾಕಿ, ಅಂಚು ಉಜ್ಜಿ ನಯ ಮಾಡಿದೆ. ಬೇಕಾಗಿರಲಿಲ್ಲ, ಆದರೂ ಮಾಡಿದೆ. ಒರಟು ಬಿಟ್ಟರೆ ಅವಳ ಕೈಗೆ ತಾಗುತ್ತದೆ.

"ಕಣ್ಮುಚ್ಕೊ, ಬೆಳಕು ನೋಡ್ಬ್ಯಾಡ" ಅಂದೆ. ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅಂಗಡಿಗೆ ಊಟ ತಂದಾಗಲೂ ಹೀಗೇ ಮುಚ್ಚಿಕೊಂಡು, ಸೆರಗಿನ ಒಳಗಿಂದ ಏನಾದರೊಂದು ಮಾತಾಡುತ್ತಿದ್ದಳು. ಈಗ ಮಾತಿಲ್ಲ. ನಾನು ಬೆಸೆದೆ. ಇಷ್ಟು ವರ್ಷದಲ್ಲಿ ಅಷ್ಟು ಕೆಟ್ಟ ಬೆಸುಗೆ ನನ್ನ ಕೈಯಿಂದ ಬಿದ್ದಿರಲಿಲ್ಲ. ಅದನ್ನು ಕಡಿದು ತೆಗೆದು ಮತ್ತೆ ಬೆಸೆದೆ. ಎರಡನೆಯದೂ ಅಂಥದ್ದೇ ಆಯಿತು. ಹಾಗೇ ಬಿಟ್ಟೆ. ಕಬ್ಬಿಣ ಆರಿದ ಮೇಲೆ ಬೀಗ ಹಾಕಿ, ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡೆ. ಬೇರೆ ಎಲ್ಲಿಟ್ಟರೂ ಅವಳ ಕೈ ಹುಡುಕುತ್ತದೆ ಅಂತ ಭಯ.

ಈಗ ದಿನವೂ ಮಧ್ಯಾಹ್ನ ಬರುತ್ತಾಳೆ. ಬಗ್ಗಿ, ಸರಳಿನ ಸಂದಿಯಲ್ಲಿ ಕೈ ತೂರಿಸಿ, ಚಿಲಕವನ್ನು ನೋಡದೆಯೇ ಹಿಡಿಯುತ್ತಾಳೆ. ಅದು ಸರಿಯುವುದಿಲ್ಲ. ಬೆರಳುಗಳು ಬೀಗದ ಸುತ್ತ ಆಡುತ್ತವೆ, ಏನಿದು ಅನ್ನುವ ಹಾಗೆ. ಎಳೆಯುತ್ತಾಳೆ. ಗೇಟು ಅಲುಗುವುದಿಲ್ಲ. ಅಷ್ಟು ಭದ್ರ. ಕೆಲವು ದಿನ ಅಳುತ್ತಾಳೆ, ಕೆಲವು ದಿನ ಬೈಯುತ್ತಾಳೆ. ರಸ್ತೆಯಲ್ಲಿ ಹೋಗುವವರನ್ನು "ಅಣ್ಣಾ, ಒಸಿ ಗೇಟ್ ತಗಿಯಣ್ಣ" ಅಂತ ಕರೆಯುತ್ತಾಳೆ. ಗುರುತಿನವರು ತಲೆ ತಗ್ಗಿಸಿ ಹೋಗುತ್ತಾರೆ. ಹೊಸಬರು ಒಮ್ಮೆ ಅವಳನ್ನು, ಒಮ್ಮೆ ನನ್ನನ್ನು ನೋಡುತ್ತಾರೆ. ಅವರು ಏನಂದುಕೊಳ್ಳುತ್ತಾರೆ ಅಂತ ಮೊದಲು ಯೋಚಿಸುತ್ತಿದ್ದೆ.

ಮೊನ್ನೆ ಅಳಲಿಲ್ಲ, ಬೈಯಲಿಲ್ಲ. ನಾನು ಪಕ್ಕದಲ್ಲೇ ನಿಂತಿದ್ದೆ. ಗೇಟಿನ ಚೌಕಟ್ಟಿನ ಮೇಲೆ, ಮೂಲೆಯ ಬೆಸುಗೆಗಳ ಮೇಲೆ, ಕೀಲಿನ ಮೇಲೆ ಕೈಯಾಡಿಸಿದಳು. ರೇಷ್ಮೆಹುಳ ಸಾಕುವ ಬಿದಿರಿನ ತಟ್ಟೆ ಕೊಳ್ಳುವಾಗ ಹೆಣಿಗೆ ಮುಟ್ಟಿ ನೋಡುತ್ತಾರಲ್ಲ, ಹಾಗೆ.

"ಕೆಲ್ಸ ಚೆನ್ನಾಗೈತೆ ಕಣಣ್ಣ" ಅಂದಳು. "ನೀನೇ ಮಾಡಿದ್ದಾ?"

"ಹೂಂ" ಅಂದೆ.

"ನಮ್ಮೆಜಮಾನ್ರೂ ಇದೇ ಕೆಲ್ಸವೇ. ಗೇಟ್ ಮಾಡ್ತಾರೆ." ಅವಳ ಬೆರಳು ಕಿವಿಯ ಕೆಟ್ಟ ಬೆಸುಗೆಯ ಮೇಲೆ ಬಂದು ನಿಂತಿತು. "ಅವ್ರಾದ್ರೆ ಬೀಗ ಹಾಕ್ತಿರ್ನಿಲ್ಲ. ಬರ್ಲಿ ಇರು, ಯೋಳ್ತೀನಿ. ಅವ್ರೇ ತಗೀತಾರೆ."

ಬೀಗದ ಕೈ ಅಂಗಿಯ ಒಳಗೆ ಹೊಟ್ಟೆಗೆ ಒತ್ತುತ್ತಿತ್ತು.

"ಯಾವಾಗ್ ಬತ್ತಾರಂತೆ?" ಅಂದೆ.

"ಅಂಗ್ಡಿ ಮುಚ್ಚಿದ್ ಮ್ಯಾಲೆ" ಅಂದಳು, ರಸ್ತೆಯ ಕಡೆ ನೋಡುತ್ತ.